ಹೆಜ್ಜೆ ಹಾಕಿಸಿ, ಹಾಡು ಕಲಿಸಿ: ಪುಣೆಯ ನಮ್ಮ ಮಕ್ಕಳಿಗೆ ‘ಭಾಗ್ಯದ ಲಕ್ಷ್ಮೀ ಬಾರಮ್ಮ’

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತು ಅಂದರೆ ಪುಣೆಯ ಕನ್ನಡದ ಮನೆಗಳಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಹಾಡಿನ ಸಾಲುಗಳನ್ನು ಪ್ರಿಂಟ್ ತೆಗೆದು ಮಗುವಿನ ಕೈಗೆ ಕೊಟ್ಟು ‘ಬಾಯಿಪಾಠ ಮಾಡು’ ಅನ್ನುವುದು. ಮಗು ಪಲ್ಲವಿ ಹೇಳುತ್ತದೆ, ಮೊದಲ ನುಡಿಯಲ್ಲಿ ಅರ್ಧ ಹೇಳುತ್ತದೆ, ಆಮೇಲೆ ಕಾಗದ ಸೋಫಾದ ಕೆಳಗೆ ಹೋಗುತ್ತದೆ. ಹಬ್ಬದ ದಿನ ಅಮ್ಮ ಒಬ್ಬರೇ ಹಾಡುತ್ತಾರೆ, ಮಕ್ಕಳು ‘ಬಾರಮ್ಮ’ ಬಂದಾಗ ಮಾತ್ರ ಜೋರಾಗಿ ದನಿ ಸೇರಿಸುತ್ತಾರೆ.

ಈ ಹಾಡನ್ನು ಹೀಗೆ ಕೂರಿಸಿ ಕಲಿಸುವುದೇ ನನಗೆ ಸರಿ ಕಾಣುವುದಿಲ್ಲ. ಯಾಕಂದರೆ ಇದು ಕೂತು ಹಾಡುವ ಹಾಡೇ ಅಲ್ಲ. ಲಕ್ಷ್ಮಿ ಬಾಗಿಲಿನಿಂದ ಒಳಗೆ ನಡೆದು ಬರುತ್ತಾಳೆ, ಗೆಜ್ಜೆ ಸದ್ದು ಮಾಡುತ್ತಾಳೆ, ಚಿನ್ನದ ಮಳೆ ಸುರಿಸುತ್ತಾಳೆ, ಕಂಕಣದ ಕೈ ತಿರುವುತ್ತಾಳೆ, ಸಕ್ಕರೆ ತುಪ್ಪದ ಕಾಲುವೆ ಹರಿಸುತ್ತಾಳೆ. ಪುರಂದರದಾಸರು ನಾಟಕವನ್ನೇ ಬರೆದು ಕೊಟ್ಟಿದ್ದಾರೆ, ನಾವು ಆಡಿಸಿದರೆ ಸಾಕು. ನಮ್ಮ ಸೊಸೈಟಿಯಲ್ಲಿ ಮಕ್ಕಳನ್ನು ಸೇರಿಸಿ ಹೀಗೆ ಕಲಿಸುತ್ತೇವೆ. ನಿಮ್ಮ ಮನೆಯಲ್ಲಿ ಒಂದೇ ಮಗು ಇದ್ದರೂ ಆಗುತ್ತದೆ, ಆದರೆ ನಾಲ್ಕೈದು ಮಕ್ಕಳಿದ್ದರೆ ಮಜಾ ಜಾಸ್ತಿ.

ಹಬ್ಬಕ್ಕೆ ಐದಾರು ವಾರ ಮೊದಲೇ ಶುರು ಮಾಡಿ. ವಾರಕ್ಕೆ ಒಂದು ನುಡಿ, ಒಂದು ಸಲಕ್ಕೆ ಅರ್ಧ ಗಂಟೆ. ಅದಕ್ಕಿಂತ ಜಾಸ್ತಿ ಎಳೆಯಬೇಡಿ.

ಮೊದಲು ದೊಡ್ಡವರು ಕೂತು ಒಂದು ಪಾಠ ನಿಶ್ಚಯ ಮಾಡಿಕೊಳ್ಳಬೇಕು. ಧಾರವಾಡದ ಅಜ್ಜಿ ಒಂದು ರೀತಿ ಹಾಡುತ್ತಾರೆ, ಉಡುಪಿಯ ಅಜ್ಜಿ ಇನ್ನೊಂದು ರೀತಿ. ‘ಹೆಜ್ಜೆಯ ಮೇಲೊಂದ್ಹೆಜ್ಜೆಯನಿಕ್ಕುತ’ ಅನ್ನುವವರಿದ್ದಾರೆ, ‘ಹೆಜ್ಜೆಯ ಮೇಲೆ ಹೆಜ್ಜೆಯನಿಕ್ಕುತ’ ಅನ್ನುವವರೂ ಇದ್ದಾರೆ. ಗೆಜ್ಜೆಯ ಸಾಲಿನಲ್ಲಿ ಒಬ್ಬರು ‘ಧ್ವನಿಯ ಮಾಡುತ’ ಅಂದರೆ ಇನ್ನೊಬ್ಬರು ‘ನಾದವ ತೋರುತ’ ಅನ್ನುತ್ತಾರೆ. ಬಾಯಿಂದ ಬಾಯಿಗೆ ಬಂದ ಹಾಡು, ಎರಡೂ ಇರುತ್ತವೆ. ಯಾವುದು ಸರಿ ಅಂತ ಮಕ್ಕಳ ಎದುರಿಗೆ ವಾದ ಮಾಡಬೇಡಿ. ಒಂದನ್ನು ಆರಿಸಿ, ಅದನ್ನೇ ಎಲ್ಲರೂ ಹಾಡಿ.

ರಾಗದ ವಿಷಯಕ್ಕೆ ಹೆದರಬೇಡಿ. ನಮ್ಮ ಕಡೆ ಸಾಮಾನ್ಯವಾಗಿ ಇದನ್ನು ಮಧ್ಯಮಾವತಿಯಲ್ಲಿ ಹಾಡುತ್ತಾರೆ. ಸ ರಿ ಮ ಪ ನಿ, ಇಷ್ಟೇ ಸ್ವರ, ಹತ್ತುವಾಗಲೂ ಇಳಿಯುವಾಗಲೂ ಅವೇ. ಕಿವಿಗೆ ಬೇಗ ಕೂರುತ್ತದೆ. ಹಿಂದೂಸ್ತಾನಿ ಕಲಿಯುವ ಮಗು ಇದ್ದರೆ ‘ಇದು ಮಧಮಾದ್ ಸಾರಂಗ್ ತರಹ ಇದೆಯಲ್ಲ ಆಂಟಿ’ ಅನ್ನಬಹುದು, ಸರಿಯಾಗಿಯೇ ಹೇಳಿದೆ ಅನ್ನಿ. ಶ್ರುತಿ ಮಾತ್ರ ನಿಮ್ಮದಲ್ಲ, ಮಕ್ಕಳದ್ದು ನೋಡಿಕೊಳ್ಳಿ. ಮೇಲಿನ ಸ್ವರಕ್ಕೆ ಹೋದಾಗ ಕಿರುಚುತ್ತಿದ್ದರೆ ಶ್ರುತಿಯನ್ನು ಒಂದು ಹಂತ ಇಳಿಸಿ. ಮೊಬೈಲಿನ ತಂಬೂರಿ ಆಪ್ ಸಾಕು.

ಪಂಡಿತ್ ಭೀಮಸೇನ ಜೋಶಿಯವರ ಹಾಡಿಕೆ ಹಾಕಿ ಕಲಿಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಗದಗಿನಿಂದ ಬಂದು ಪುಣೆಯನ್ನೇ ಮನೆ ಮಾಡಿಕೊಂಡವರು, 1953ರಲ್ಲಿ ಇಲ್ಲಿ ಸವಾಯಿ ಗಂಧರ್ವ ಸಂಗೀತ ಉತ್ಸವ ಶುರು ಮಾಡಿದವರು. ಇಲ್ಲಿಯ ಎಷ್ಟೋ ಮರಾಠಿ ಮನೆಗಳಿಗೆ ಈ ಹಾಡು ಗೊತ್ತಿರುವುದೇ ಅವರ ದನಿಯಿಂದ. ಕಾರಿನಲ್ಲಿ ಹಿಂಜವಡಿ ಟ್ರಾಫಿಕ್‌ನಲ್ಲಿ ನಿಂತಾಗ ಧಾರಾಳವಾಗಿ ಹಾಕಿ, ಮಕ್ಕಳ ಕಿವಿಗೆ ಬೀಳಲಿ. ಆದರೆ ಅದನ್ನು ಹಾಕಿಕೊಂಡು ‘ಜೊತೆಗೆ ಹಾಡು’ ಅನ್ನಬೇಡಿ. ಅವರು ಸಾಲನ್ನು ವಿಸ್ತಾರ ಮಾಡುತ್ತಾ ಹೋಗುತ್ತಾರೆ, ಆರು ವರ್ಷದ ಮಗು ಎಲ್ಲಿ ಹಿಡಿದುಕೊಳ್ಳಬೇಕು? ಕಲಿಯುವುದಕ್ಕೆ ನಿಮ್ಮ ದನಿಯೇ ಬೇಕು, ಒರಟಾಗಿದ್ದರೂ ಪರವಾಗಿಲ್ಲ.

ಈಗ ಸಾಮಾನು. ಚಾರ್ಟ್ ಪೇಪರ್, ಕತ್ತರಿ, ಸ್ಕೆಚ್ ಪೆನ್, ಮಾಸ್ಕಿಂಗ್ ಟೇಪ್. ಒಂದು ಜೊತೆ ಸಣ್ಣ ಗೆಜ್ಜೆ, ಒಂದಿಷ್ಟು ಬಳೆ, ಎರಡೂ ತುಳಶಿಬಾಗ್‌ನಲ್ಲಿ ಸಿಗುತ್ತವೆ. ಚೆಂಡು ಹೂವಿನ ಎಸಳು. ಮುಚ್ಚಳ ಬಿಗಿಯಾಗಿರುವ ಒಂದು ಪ್ಲಾಸ್ಟಿಕ್ ಡಬ್ಬಿ. ಮತ್ತು ಕೆನೆ, ಅದರ ಕಥೆ ಆಮೇಲೆ.

ಬಾಗಿಲ ಆಟ

ಮೊದಲ ದಿನ ಪಲ್ಲವಿ ಮಾತ್ರ. ಮಕ್ಕಳ ಪಾದವನ್ನು ಚಾರ್ಟ್ ಪೇಪರ್ ಮೇಲಿಟ್ಟು ಗೀಟು ಎಳೆದು ಕತ್ತರಿಸಿ. ಅವರದೇ ಪಾದ ಆಗಬೇಕು, ಇಂಟರ್ನೆಟ್‌ನಿಂದ ಇಳಿಸಿದ ಚೆಂದದ ಪಾದ ಬೇಡ. ಎಂಟು ಹೆಜ್ಜೆ ಮಾಡಿಕೊಂಡು ಬಾಗಿಲಿನಿಂದ ದೇವರ ಮನೆಯ ಕಡೆಗೆ ಎಡ, ಬಲ ಅಂತ ಅಂಟಿಸಿ. ಎಂಟೇ ಯಾಕೆ ಅಂದರೆ ಈ ಹಾಡಿನ ತಾಳ ಆದಿತಾಳ, ಅದರ ಒಂದು ಸುತ್ತಿಗೆ ಎಂಟು ಎಣಿಕೆ. ನಮ್ಮ ಫ್ಲಾಟುಗಳ ಪ್ಯಾಸೇಜಿನಲ್ಲಿ ಮಕ್ಕಳ ಎಂಟು ಹೆಜ್ಜೆ ಸರಿಯಾಗಿ ಹಿಡಿಯುತ್ತದೆ. ಟೇಪನ್ನು ನಾಲ್ಕೂ ಕಡೆ ಹಾಕಿ. ಸಡಿಲ ಕಾಗದ ಟೈಲ್ಸ್ ಮೇಲೆ ಜಾರುತ್ತದೆ, ಸಾಕ್ಸ್ ಬಿಚ್ಚಿಸಿಯೇ ಆಡಿಸಿ.

ಒಂದು ಮಗು ಲಕ್ಷ್ಮಿ. ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಹೊಸ್ತಿಲ ಆಚೆ ನಿಲ್ಲಬೇಕು. ಉಳಿದವರು ಮನೆಯವರು. ಅವರು ಬರೀ ಚಪ್ಪಾಳೆ ತಟ್ಟುತ್ತಾ ಪಲ್ಲವಿ ಹಾಡಿದರೆ ಲಕ್ಷ್ಮಿ ಎಣಿಕೆಗೆ ಒಂದರಂತೆ ಹೆಜ್ಜೆ ಇಡುತ್ತಾಳೆ. ಹಾಡು ನಿಂತರೆ, ಯಾರಾದರೂ ನಕ್ಕು ಬಿಟ್ಟರೆ, ತಾಳ ತಪ್ಪಿದರೆ ಲಕ್ಷ್ಮಿ ಸ್ಟ್ಯಾಚ್ಯೂ. ಹಾಡು ಮತ್ತೆ ಸರಿಯಾದ ಮೇಲೆಯೇ ಮುಂದಿನ ಹೆಜ್ಜೆ. ಅವಳು ದೇವರ ಮನೆ ಮುಟ್ಟಿದರೆ ಮನೆಯವರು ಗೆದ್ದ ಹಾಗೆ, ಆಮೇಲೆ ಇನ್ನೊಬ್ಬರು ಲಕ್ಷ್ಮಿ. ಹುಡುಗರೂ ಲಕ್ಷ್ಮಿ ಆಗಲೇಬೇಕು. ಮೊದಲು ನಾಚುತ್ತಾರೆ, ಆಮೇಲೆ ಗೆಜ್ಜೆ ಬಿಚ್ಚಲು ಒಪ್ಪುವುದಿಲ್ಲ.

ನೋಡಿ, ಇಲ್ಲಿ ಯಾರಿಗೂ ‘ಇನ್ನೊಂದು ಸಲ ಹೇಳು’ ಅಂತ ಹೇಳಬೇಕಾಗಿಲ್ಲ. ಆಟಕ್ಕಾಗಿ ಪಲ್ಲವಿಯನ್ನು ಅವರೇ ಎಷ್ಟೋ ಸಲ ಹಾಡಿರುತ್ತಾರೆ. ತಾಳವೂ ಕಾಲಿಗೆ ಬಂದಿರುತ್ತದೆ. ಕೈಯಲ್ಲಿ ತಾಳ ಹಾಕುವುದನ್ನು ಎರಡನೇ ವಾರ ತೋರಿಸಿ: ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಆಮೇಲೆ ಪೆಟ್ಟು, ಬೀಸು, ಪೆಟ್ಟು, ಬೀಸು.

ಗೆಜ್ಜೆ ಕಟ್ಟಿದ ಮಕ್ಕಳು ಕುಣಿಯದೆ ಇರುವುದಿಲ್ಲ. ಕೆಳಗಿನ ಫ್ಲಾಟಿನವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ, ಮಧ್ಯಾಹ್ನ ಎರಡರಿಂದ ನಾಲ್ಕು ಮಾತ್ರ ಬೇಡ. ಪುಣೆಯಲ್ಲಿ ಆ ಹೊತ್ತಿಗೆ ಸದ್ದು ಮಾಡಿದವರಿಗೆ ಕ್ಷಮೆ ಇಲ್ಲ, ಗೊತ್ತಲ್ವಾ.

ಪಕ್ಕದ ಮನೆಯ ಮರಾಠಿ ಮಕ್ಕಳು ಬಂದರೆ ಖಂಡಿತ ಸೇರಿಸಿಕೊಳ್ಳಿ. ಈ ಆಟ ಅವರಿಗೆ ಹೊಸದೇ ಅಲ್ಲ. ಗಣಪತಿ ಹಬ್ಬದ ನಡುವೆ ಅವರ ಮನೆಗೆ ಗೌರಿ ಬರುವಾಗ ಬಾಗಿಲಿನಿಂದ ರಂಗೋಲಿಯಲ್ಲಿ ಪಾದ ಬಿಡಿಸಿ, ‘ಗೌರಿ ಆಲೀ, ಸೋನ್ಯಾಚ್ಯಾ ಪಾವಲೀ’ ಅನ್ನುತ್ತಾ ಒಳಗೆ ಕರೆತರುತ್ತಾರೆ. ಬಂಗಾರದ ಹೆಜ್ಜೆಯಲ್ಲಿ ಗೌರಿ ಬಂದಳು ಅಂತ. ಮನೆಯ ಕೋಣೆ ಕೋಣೆಗೂ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಉತ್ತರ ಕರ್ನಾಟಕದ ಕೆಲವು ಮನೆಗಳಲ್ಲಿಯೂ ಈ ಪದ್ಧತಿ ಇದೆ. ಆ ಮಕ್ಕಳಿಂದಲೇ ಇದನ್ನು ಹೇಳಿಸಿ, ನಿಮ್ಮ ಮಕ್ಕಳು ‘ಓ, ಇದೇ ಅದು’ ಅನ್ನುತ್ತಾರೆ. ನೀವು ಅರ್ಥ ವಿವರಿಸುವ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಬೆಣ್ಣೆಯ ವಾರ

ಮೊದಲ ನುಡಿಯ ಕೊನೆಯಲ್ಲಿ ‘ಮಜ್ಜಿಗೆಯೊಳಗಿನ ಬೆಣ್ಣೆಯಂತೆ’ ಅಂತ ಬರುತ್ತದೆ. ಟೆಟ್ರಾ ಪ್ಯಾಕ್ ಮಜ್ಜಿಗೆ ಕುಡಿದು ಬೆಳೆದ ಮಕ್ಕಳಿಗೆ ಇದು ಏನೂ ಹೇಳುವುದಿಲ್ಲ. ಮಜ್ಜಿಗೆಯೊಳಗೆ ಬೆಣ್ಣೆ ಎಲ್ಲಿಂದ ಬಂತು? ಬಾಯಲ್ಲಿ ಹೇಳಬೇಡಿ, ಮಾಡಿಸಿ.

ಒಂದು ವಾರ ಹಾಲಿನ ಕೆನೆ ತೆಗೆದು ಫ್ರಿಜ್ಜಿನಲ್ಲಿ ಕೂಡಿಸಿ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇಕಡಾ 3 ಮಾತ್ರ, ಕೆನೆ ಹೆಚ್ಚು ಸಿಗುವುದಿಲ್ಲ. ಶೇಕಡಾ 6 ಇರುವ ಫುಲ್ ಕ್ರೀಮ್ ಹಾಲು ತನ್ನಿ. ಹಿಂದಿನ ರಾತ್ರಿ ಕೆನೆಗೆ ಒಂದು ಚಮಚ ಮೊಸರು ಹಾಕಿ ಹೊರಗಿಡಿ. ಬೆಳಿಗ್ಗೆ ಡಬ್ಬಿಗೆ ಅರ್ಧದಷ್ಟು ಮಾತ್ರ ತುಂಬಿ, ಮುಚ್ಚಳ ಬಿಗಿ ಮಾಡಿ. ಪೂರ್ತಿ ತುಂಬಿದರೆ ಒಳಗೆ ಅಲುಗಾಡಲು ಜಾಗ ಇರುವುದಿಲ್ಲ, ಬೆಣ್ಣೆ ಬರುವುದಿಲ್ಲ. ಸೆಕೆ ಜಾಸ್ತಿ ಇದ್ದರೆ ಒಂದು ತುಂಡು ಐಸ್ ಹಾಕಿ. ಚಳಿ ಇದ್ದರೆ ಡಬ್ಬಿಯನ್ನು ಸ್ವಲ್ಪ ಹೊತ್ತು ಉಗುರು ಬೆಚ್ಚಗಿನ ನೀರಿನಲ್ಲಿ ಇಡಿ.

ಮಕ್ಕಳು ಸುತ್ತ ಕೂರಲಿ. ಒಬ್ಬರು ಡಬ್ಬಿ ಕುಲುಕುತ್ತಾ ಒಂದು ಸಾಲು ಹಾಡಬೇಕು, ಸಾಲು ಮುಗಿದ ಕೂಡಲೇ ಡಬ್ಬಿ ಪಕ್ಕದವರಿಗೆ, ಮುಂದಿನ ಸಾಲು ಅವರದು. ನಾಲ್ಕು ಸಾಲು ಸುತ್ತುತ್ತಲೇ ಇರಲಿ. ಸಾಲು ಮರೆತವರು ಪಕ್ಕದವರನ್ನು ಕೇಳಿಕೊಳ್ಳಲಿ, ಹೇಳಿಕೊಟ್ಟರೆ ತಪ್ಪಿಲ್ಲ. ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಕಿವಿಗೊಟ್ಟು ಕೇಳಲು ಹೇಳಿ: ಮೊದಲು ಗಳಗಳ ಸದ್ದು, ಆಮೇಲೆ ಕೆನೆ ದಪ್ಪವಾಗಿ ಸದ್ದೇ ನಿಂತು ಹೋಗುತ್ತದೆ. ಇಲ್ಲಿ ಮಕ್ಕಳು ಕೆಟ್ಟು ಹೋಯಿತು ಅಂತ ಕೈಬಿಡುತ್ತಾರೆ. ಬಿಡಲು ಬಿಡಬೇಡಿ. ಇನ್ನೊಂದೆರಡು ಸುತ್ತು ಹಾಡಿದರೆ ಒಡೆದು ಮತ್ತೆ ಸದ್ದು ಶುರುವಾಗುತ್ತದೆ, ಬೆಣ್ಣೆಯ ಮುದ್ದೆ ಡಬ್ಬಿಗೆ ಬಡಿಯುವುದು ಕೈಗೇ ಗೊತ್ತಾಗುತ್ತದೆ. ಆಗ ಮುಚ್ಚಳ ತೆಗೆದು ತಣ್ಣೀರು ಹಾಕಿ ಬೆಣ್ಣೆ ಎತ್ತಿ. ಉಳಿದದ್ದು ಮಜ್ಜಿಗೆ, ಉಪ್ಪು ಹಾಕಿ ಕುಡಿಸಿ.

ಲಕ್ಷ್ಮಿ ಹಾಗೆ ಬರುತ್ತಾಳೆ, ಒಳಗೇ ಇದ್ದು ಕಾಣಿಸಿಕೊಳ್ಳುತ್ತಾಳೆ ಅಂತ ಒಂದು ಮಾತು ಹೇಳಿದರೆ ಸಾಕು. ದೊಡ್ಡ ಪ್ರವಚನ ಬೇಡ. ಈ ವಾರದ ನುಡಿಯನ್ನು ಯಾವ ಮಗುವೂ ಮರೆತದ್ದು ನಾನು ಕಂಡಿಲ್ಲ.

ಎರಡನೇ ಅಕ್ಷರ ಹಿಡಿಯಿರಿ

ಒಂದು ನುಡಿ ಬಂತು, ಎರಡನೆಯದು ಬಂತು, ಮೂರನೆಯದು ಬರುವ ಹೊತ್ತಿಗೆ ಎಲ್ಲಾ ಕಲಸಿ ಹೋಗುತ್ತದೆ. ‘ಅತ್ತಿತ್ತಲಗಲದೆ’ ಅಂತ ಶುರು ಮಾಡಿ ‘ದಿನಕರ ಕೋಟಿ’ಗೆ ಹಾರುತ್ತಾರೆ. ದೊಡ್ಡವರೂ ಹಾರುತ್ತಾರೆ, ಮಕ್ಕಳನ್ನು ಬೈಯುವುದು ಯಾಕೆ. ಇದಕ್ಕೆ ಮದ್ದು ಹಾಡಿನಲ್ಲೇ ಇದೆ. ಪ್ರತಿ ನುಡಿಯ ಸಾಲುಗಳ ಮೊದಲ ಪದಗಳನ್ನು ಬರೆದು ನೋಡಿ:

ಹೆಜ್ಜೆಯ, ಗೆಜ್ಜೆಯ, ಸಜ್ಜನ, ಮಜ್ಜಿಗೆ.
ಕನಕ, ಮನಕಾಮನೆ, ದಿನಕರ, ಜನಕರಾಯ.
ಅತ್ತಿತ್ತ, ನಿತ್ಯ, ಸತ್ಯ, ಚಿತ್ತ.
ಸಂಖ್ಯೆ, ಕಂಕಣ, ಕುಂಕುಮ, ವೆಂಕಟರಮಣ.
ಸಕ್ಕರೆ, ಶುಕ್ರವಾರ, ಅಕ್ಕರೆ, ಚೊಕ್ಕ.

ಎರಡನೇ ಅಕ್ಷರದ ಪ್ರಾಸ. ಮೊದಲನೆಯ ನುಡಿ ‘ಜ್ಜ’ ಮನೆ, ಎರಡನೆಯದು ‘ನಕ’ ಮನೆ, ಮೂರನೆಯದು ‘ತ್ತ’ ಮನೆ, ಆಮೇಲೆ ‘ಂಕ’, ಕೊನೆಗೆ ‘ಕ್ಕ’. ಈ ಪದಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಕಲಸಿ, ನೆಲದ ಮೇಲೆ ಹರಡಿ. ಮಕ್ಕಳು ಯಾವ ಪದ ಯಾವ ಮನೆಯದು ಅಂತ ಹುಡುಕಿ ಗುಂಪು ಮಾಡಬೇಕು. ನಿತ್ಯ, ಸತ್ಯ ‘ತ್ತ’ ಮನೆಗೆ ಹೇಗೆ ಸೇರುತ್ತವೆ ಅಂತ ಯಾರಾದರೂ ತಕರಾರು ತೆಗೆಯುತ್ತಾರೆ, ಬಾಯಲ್ಲಿ ಹೇಳಿಸಿದರೆ ಒಪ್ಪಿಕೊಳ್ಳುತ್ತಾರೆ. ‘ಸಂಖ್ಯೆ’ಯದೂ ಅದೇ ಕಥೆ. ಗುಂಪಾದ ಮೇಲೆ ನುಡಿಯೊಳಗೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಹಾಡಿ ಸಾಲಾಗಿ ಇಡಬೇಕು. ಎರಡು ತಂಡ ಮಾಡಿ ಯಾರು ಮೊದಲು ಅಂತ ಪಂದ್ಯ ಇಟ್ಟರೆ ಮನೆ ಕಿತ್ತು ಹೋಗುವಷ್ಟು ಗಲಾಟೆ, ಆದರೆ ಇದಾದ ಮೇಲೆ ನುಡಿ ಅದಲು ಬದಲು ಆಗುವುದು ನಿಂತು ಹೋಗುತ್ತದೆ. ಒಂದು ಪದ ಹಿಡಿದರೆ ಉಳಿದ ಮೂರು ಹಿಂದೆಯೇ ಬರುತ್ತವೆ.

ಕನ್ನಡ ಓದಲು ಬಾರದ ಮಕ್ಕಳಿಗೆ? ಪುಣೆಯಲ್ಲಿ ಬೆಳೆದ ನಮ್ಮ ಹೆಚ್ಚಿನ ಮಕ್ಕಳ ಕಥೆ ಇದೇ. ಮರಾಠಿ ಶಾಲೆಯಲ್ಲಿ ಕಲಿಸುತ್ತಾರೆ, ಹಾಗಾಗಿ ದೇವನಾಗರಿ ಸಲೀಸು. ಚೀಟಿಯ ಒಂದು ಕಡೆ ಕನ್ನಡ, ಹಿಂದೆ ದೇವನಾಗರಿ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಮಾತ್ರ ದಯವಿಟ್ಟು ಬೇಡ, ಅದರಲ್ಲಿ ದ, ಡ ಎರಡೂ ಒಂದೇ ಆಗಿಬಿಡುತ್ತದೆ. ದೇವನಾಗರಿಯಲ್ಲಿ ಓದುವಾಗಲೂ ಎರಡು ತೊಂದರೆ ಬರುತ್ತವೆ. ಒಂದು, ಅದರಲ್ಲಿ ಹ್ರಸ್ವ ಎ, ಒ ಇಲ್ಲ, ಮಕ್ಕಳು ‘ಹೇಜ್ಜೇ’, ‘ಚೋಕ್ಕ’ ಅಂತ ಎಳೆಯುತ್ತಾರೆ. ಇನ್ನೊಂದು, ಪದದ ಕೊನೆಯ ‘ಅ’ ನುಂಗಿ ‘ಕನಕ್’, ‘ಜನಕ್’ ಅನ್ನುತ್ತಾರೆ, ಮರಾಠಿಯಲ್ಲಿ ಓದುವ ರೂಢಿ ಅದು. ಇವೆರಡನ್ನು ಹಾಡಿಯೇ ತಿದ್ದಬೇಕು. ಒಳ್ಳೆಯ ಸುದ್ದಿಯೂ ಇದೆ. ಮರಾಠಿಯಲ್ಲಿ ‘ಳ’ ಇದೆ. ‘ಸುಮಂಗಳ’, ‘ಹೊಳೆಯುವ’, ‘ಪುತ್ಥಳಿ’ ನಮ್ಮ ಪುಣೆಯ ಮಕ್ಕಳ ಬಾಯಲ್ಲಿ ಚೆನ್ನಾಗಿಯೇ ಬರುತ್ತವೆ. ದೆಹಲಿಯಿಂದ ರಜೆಗೆ ಬಂದ ದೊಡ್ಡಪ್ಪನ ಮಕ್ಕಳು ಒದ್ದಾಡುತ್ತಾರೆ.

ಉಳಿದ ನುಡಿಗಳು

ಇವು ಬೇಗ ಮುಗಿಯುತ್ತವೆ. ‘ಕನಕವೃಷ್ಟಿ’ಗೆ ಲಕ್ಷ್ಮಿಯ ಕೈಯಲ್ಲಿ ಹಳದಿ ಚೆಂಡು ಹೂವಿನ ಎಸಳು, ಸಾಲು ಬಂದಾಗ ಎರಚಬೇಕು. ಎರಚಿದವರೇ ಗುಡಿಸಬೇಕು ಅಂತ ಮೊದಲೇ ಕರಾರು ಮಾಡಿಕೊಳ್ಳಿ. ‘ದಿನಕರ ಕೋಟಿ’ ಅಂದರೆ ಕೋಟಿ ಸೂರ್ಯರು, ಮಕ್ಕಳಿಗೆ ಇದು ತುಂಬಾ ಇಷ್ಟ. ‘ಜನಕರಾಯನ ಕುಮಾರಿ’ ಯಾರು ಅಂತ ಒಗಟಿನಂತೆ ಕೇಳಿ, ರಾಮಾಯಣ ಗೊತ್ತಿರುವ ಮಗು ಸೀತೆ ಅಂತ ಹೇಳಿಬಿಡುತ್ತದೆ. ಮೂರನೇ ನುಡಿಯಲ್ಲಿ ಮಾಡಿಸುವುದು ಕಡಿಮೆ. ‘ಅತ್ತಿತ್ತಲಗಲದೆ’ ಬಂದಾಗ ಎಲ್ಲರೂ ಕೈ ಹಿಡಿದುಕೊಂಡು ಜಾಗ ಬಿಟ್ಟು ಕದಲದೆ ನಿಲ್ಲಲಿ, ‘ಪುತ್ಥಳಿ ಬೊಂಬೆ’ಗೆ ಲಕ್ಷ್ಮಿ ಬೊಂಬೆಯಂತೆ ನಿಲ್ಲಲಿ. ಕಂಕಣದ ನುಡಿಗೆ ಬಳೆ ಹಾಕಿಕೊಂಡು ಮಣಿಕಟ್ಟು ತಿರುವುವುದು. ‘ಬಿಂಕದ ರಾಣಿ’ಯನ್ನು ನೀವು ತೋರಿಸಬೇಡಿ, ಒಬ್ಬೊಬ್ಬರಾಗಿ ಬಿಂಕ ಮಾಡಿ ತೋರಿಸಲು ಹೇಳಿ. ಆ ದಿನ ಹಾಡು ಅಷ್ಟಕ್ಕೇ ನಿಲ್ಲುತ್ತದೆ, ಪರವಾಗಿಲ್ಲ.

ಸಕ್ಕರೆ ತುಪ್ಪದ ಕಾಲುವೆಗೆ ಬಿಸಿ ಚಪಾತಿ ಸಾಕು. ನೀವು ಕಾಯಿಸಿದ ಆ ಬೆಣ್ಣೆಯ ತುಪ್ಪವನ್ನೇ ಹಚ್ಚಿ, ಸಕ್ಕರೆ ಉದುರಿಸಿ, ಸುರುಳಿ ಮಾಡಿ ಕೊಡಿ. ಒಂದು ತುದಿಯಿಂದ ತುಪ್ಪ ಸೋರುತ್ತದೆ, ಅದೇ ಕಾಲುವೆ.

ಕೊನೆಯ ಸಾಲಿನಲ್ಲಿ ‘ಪುರಂದರ ವಿಠಲ’ ಅಂಕಿತ ಬರುತ್ತದೆ. ಇಲ್ಲಿ ಪುಣೆಯಲ್ಲಿ ಇರುವುದು ದೊಡ್ಡ ಅನುಕೂಲ. ವಿಠಲ ಯಾರು ಅಂತ ಮಕ್ಕಳಿಗೆ ಹೇಳಬೇಕಾಗಿಲ್ಲ. ಆಳಂದಿಯಿಂದ ಜ್ಞಾನೇಶ್ವರರ ಪಾಲ್ಕಿ, ದೇಹೂವಿನಿಂದ ತುಕಾರಾಮರ ಪಾಲ್ಕಿ ಪ್ರತಿ ವರ್ಷ ಊರೊಳಗೆ ಬಂದು ಹೋಗುವುದನ್ನು ನೋಡಿಯೇ ಇರುತ್ತಾರೆ, ಕೆಲವರು ಪಂಢರಪುರಕ್ಕೆ ನಡೆದು ಹೋಗುವ ವಾರಕರಿ ಭಕ್ತರಿಗೆ ಬಿಸ್ಕತ್ತು ಹಂಚಿಯೂ ಇರುತ್ತಾರೆ. ಅದೇ ಪಂಢರಪುರದ ವಿಠೋಬಾ ಅಂತ ಹೇಳಿ. ದಾಸರ ಕಾಲ 1484ರಿಂದ 1564 ಅಂತ ರೂಢಿಯಲ್ಲಿ ಹೇಳುತ್ತಾರೆ. ಮೊದಲು ಜಿಪುಣ ಶ್ರೀಮಂತ ಶ್ರೀನಿವಾಸ ನಾಯಕ, ಹೆಂಡತಿಯ ಮೂಗುತಿಯ ಪ್ರಸಂಗದಿಂದ ಎಲ್ಲಾ ದಾನ ಮಾಡಿ ದಾಸರಾದವರು ಅನ್ನುವ ಕಥೆಯನ್ನು ಚಪಾತಿ ತಿನ್ನುವಾಗ ಹೇಳಿ. ‘ದುಡ್ಡೆಲ್ಲಾ ಕೊಟ್ಟುಬಿಟ್ಟು ಮತ್ತೆ ಲಕ್ಷ್ಮಿಯನ್ನು ಯಾಕೆ ಕರೆಯುತ್ತಾರೆ?’ ಅಂತ ಚುರುಕು ಮಗು ಕೇಳಿಯೇ ಕೇಳುತ್ತದೆ. ಉತ್ತರವನ್ನು ಉಳಿದ ಮಕ್ಕಳಿಂದ ಬರಲು ಬಿಡಿ.

ವಯಸ್ಸು ನೋಡಿ ಕೆಲಸ ಹಂಚಿ. ಮೂರರಿಂದ ಐದು ವರ್ಷದವರಿಗೆ ಪಲ್ಲವಿ ಮತ್ತು ಹೆಜ್ಜೆ, ಅಷ್ಟೇ. ಆರೇಳು ವರ್ಷದವರು ಮೊದಲ ನುಡಿ ಮತ್ತು ಕೊನೆಯ ನುಡಿ ಹಾಡಲಿ. ಅದಕ್ಕಿಂತ ದೊಡ್ಡವರು ನುಡಿ ಎತ್ತಿಕೊಡಲಿ. ಹಾಡಲು ಒಲ್ಲೆ ಅನ್ನುವ ಮಗುವಿಗೆ ತಾಳ ಕೊಡಿ, ಒತ್ತಾಯ ಬೇಡ. ಎರಡು ವಾರದಲ್ಲಿ ಬಾಯಿ ತಾನೇ ತೆರೆಯುತ್ತದೆ.

ಊರಿನ ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಹಾಡಿಸುವುದಾದರೆ ಒಂದು ಎಚ್ಚರ. ಎರಡೂ ಕಡೆಯವರು ಒಟ್ಟಿಗೆ ಹಾಡಲು ಹೋಗಬೇಡಿ, ದನಿ ಹಿಂದೆ ಮುಂದೆ ಆಗಿ ತಾಳ ಹಾಳಾಗುತ್ತದೆ, ಅಜ್ಜಿಗೆ ಸಿಟ್ಟು ಬರುತ್ತದೆ. ಅಜ್ಜಿ ಒಂದು ನುಡಿ, ಮಕ್ಕಳು ಒಂದು ನುಡಿ, ಹಾಗೆ ಮಾಡಿ.

ಹಬ್ಬದ ದಿನ ಪೂಜೆಗೆ ಮೊದಲು ಒಮ್ಮೆ ಪೂರ್ತಿ ಆಡಿಸಿ. ಲಕ್ಷ್ಮಿ ಯಾರಾಗುವುದು ಅನ್ನುವ ಜಗಳ ಆಗಿಯೇ ಆಗುತ್ತದೆ, ಅದಕ್ಕೆ ನುಡಿಗೊಬ್ಬ ಲಕ್ಷ್ಮಿ ಅಂತ ಮಾಡಿಬಿಡಿ, ಐದು ಮಕ್ಕಳಿಗೆ ಸಮಾಧಾನ. ಮೊಬೈಲ್ ಹಿಡಿದು ವಿಡಿಯೋ ಮಾಡುವವರನ್ನು ದೇವರ ಮನೆ ಕಡೆ ನಿಲ್ಲಿಸಿ, ಬಾಗಿಲಿಗೆ ಅಡ್ಡ ನಿಂತರೆ ಲಕ್ಷ್ಮಿ ಒಳಗೆ ಬರುವುದು ಹೇಗೆ. ಹೆಜ್ಜೆಗಳನ್ನು ಮಾರನೇ ದಿನವೇ ಕಿತ್ತುಬಿಡಿ, ಟೇಪ್ ಜಾಸ್ತಿ ದಿನ ಇದ್ದರೆ ಟೈಲ್ಸ್ ಮೇಲೆ ಅಂಟು ಉಳಿಯುತ್ತದೆ. ಉಳಿದರೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ. ಕಾಗದದ ಹೆಜ್ಜೆಗಳನ್ನು ಎಸೆಯಬೇಡಿ, ಕೆಲವೇ ವಾರದಲ್ಲಿ ಪಕ್ಕದ ಮನೆಗೆ ಗೌರಿ ಬರುತ್ತಾಳೆ, ಕೇಳಿಕೊಂಡು ಬಂದೇ ಬರುತ್ತಾರೆ.